ಇಟಲಿಯಿಂದ ಬರಬೇಕಾದ ಸಾಮಾನು

ಮನುಷ್ಯನಿಗೆ ಒಂದಲ್ಲ ಒಂದು ಹುಚ್ಚು ಇರಬೇಕು ಎನ್ನುತ್ತಾರೆ. ಇರಲಿ, ಆದರೆ ಅದು ಮನೆಯೊಳಗೆ ಹಿಡಿಸುವಷ್ಟಾದರೂ ಇರಬೇಕು. ನನ್ನದು ಅಂಗಳಕ್ಕೂ ಹಿಡಿಸಲಿಲ್ಲ. ಎಲ್ಲರೂ ಕೊಳ್ಳುವ ಗಾಡಿ ಕಂಡರೆ ನನಗೆ ಏನೂ ಅನ್ನಿಸುವುದಿಲ್ಲ. ಮಾಡಿದ ಕಂಪನಿಯೇ ಮರೆತಿರುವ, ನಿಲ್ಲಿಸಿದರೆ ನಾಲ್ಕು ಜನ ಸೇರಿ ‘ಇದೇನ್ರಿ ಇದು’ ಎಂದು ಕೇಳುವಂಥ ಗಾಡಿ ಕಂಡರೆ ಮಾತ್ರ ಕಾಲು ಅಲ್ಲೇ ನಿಂತುಬಿಡುತ್ತದೆ. ಹೈದರಾಬಾದಿಗೆ ನೌಕರಿಗೆ ಬಂದ ಹೊಸದರಲ್ಲಿ ಅಬಿಡ್ಸ್‌ ಫುಟ್‌ಪಾತಿನ ಹಳೆ ಪುಸ್ತಕಗಳ ರಾಶಿಯಲ್ಲಿ ಒಂದು ವಿಲಾಯತಿ ಪತ್ರಿಕೆ ಸಿಕ್ಕಿತು. ಅದರಲ್ಲಿ ಮೈತುಂಬ ಮುಚ್ಚಿದ ಮೋಟಾರ್‌ಸೈಕಲ್ಲಿನ ಚಿತ್ರ. ಎರಡೇ ಗಾಲಿ, ಆದರೆ ಮೇಲೆ ಸೂರು, ಪಕ್ಕಕ್ಕೆ ಬಾಗಿಲು, ಮುಂದೆ ಗಾಜು. ಒಳಗೆ ಟೈ ಕಟ್ಟಿದ ಸಾಹೇಬನೊಬ್ಬ ಮಳೆಯಲ್ಲಿ ನೆನೆಯದೆ ನಗುತ್ತ ಕೂತಿದ್ದ. ಅವನ ನಗು ನನ್ನ ಸಂಸಾರಕ್ಕೆ ಮುಳುವಾಯಿತು.

ಆಗಲೇ ನನ್ನ ಬಳಿ ಇಟಲಿಯ ಹಳೆ ಸ್ಕೂಟರ್ ಒಂದಿತ್ತು. ಸಿಕಂದರಾಬಾದಿನ ದಂಡಿನ ಕಡೆಯ ಅಧಿಕಾರಿಯೊಬ್ಬರು ಊರು ಬಿಡುವಾಗ ಮಾರಿ ಹೋದದ್ದು. ವಯಸ್ಸಿನಲ್ಲಿ ನನಗಿಂತ ಹಿರಿದು, ಸಿಟ್ಟಿನಲ್ಲಿ ನನ್ನ ಸರಿಸಮ. ನನ್ನ ಹೆಂಡತಿ ಸುಶೀಲಾಳಿಗೆ ಉಬ್ಬಸ. ಮೆಹದಿಪಟ್ಟಣದ ಧೂಳು ಒಂದಿಷ್ಟು ಮೂಗಿಗೆ ಹೋದರೆ ಎರಡು ದಿನ ಹಾಸಿಗೆ ಹಿಡಿಯುತ್ತಿದ್ದಳು. ಬಸ್ಸಿನ ಗದ್ದಲ ಆಗದು, ಆಟೋ ಎರಡೂ ಕಡೆ ತೆರೆದದ್ದು. ಅವಳ ಅಕ್ಕ ಇದ್ದದ್ದು ಸಿಕಂದರಾಬಾದಿನಲ್ಲಿ. ಅಕ್ಕನಿಗೆ ಮೊಣಕಾಲು ನೋವು, ತಂಗಿಗೆ ಉಸಿರಿನ ಕಾಟ. ಅವರು ಬರುವಂತಿಲ್ಲ, ಇವಳು ಹೋಗುವಂತಿಲ್ಲ. ತೆಲುಗು, ಹಿಂದಿ ಎರಡೂ ಬಾರದ ನನ್ನ ಹೆಂಡತಿಗೆ ಈ ಊರಿನಲ್ಲಿ ಮನಸ್ಸು ಬಿಚ್ಚಿ ಮಾತಾಡಲು ಆ ಅಕ್ಕನೊಬ್ಬಳೇ. ನನ್ನನ್ನು ಲೆಕ್ಕಕ್ಕೆ ಹಿಡಿಯಬೇಡಿ, ಗಂಡನ ಜೊತೆ ಯಾರು ಮನಸ್ಸು ಬಿಚ್ಚುತ್ತಾರೆ.

ನಮ್ಮ ಕಾರ್ಖಾನೆಯ ವೆಲ್ಡರ್ ಗೆಳೆಯನನ್ನು ಹಿಡಿದು ಸ್ಕೂಟರಿಗೆ ಕಬ್ಬಿಣದ ಚೌಕಟ್ಟು ಕಟ್ಟಿಸಿ, ತಗಡಿನ ಸೂರು ಹೊದಿಸಿ, ಸುತ್ತ ದಪ್ಪ ಪ್ಲಾಸ್ಟಿಕ್ ಹಾಳೆ ಬಿಗಿದೆ. ಎಡಕ್ಕೊಂದು ಬಾಗಿಲು. ಸುಶೀಲಾ ಒಳಗಡೆಗೆ ಹೂವಿನ ಪರದೆ ಹೊಲಿದಳು. ಕಾಲು ಊರಲು ಕೆಳಗೆ ಎರಡು ಕಂಡಿ ಬಿಟ್ಟಿದ್ದೆವು, ಸಿಗ್ನಲ್ ಬಂದಾಗ ಅಲ್ಲಿಂದ ನನ್ನ ಎರಡು ಪಾದ ಮಾತ್ರ ಆಮೆಯ ಕಾಲುಗಳಂತೆ ಹೊರಗೆ ಬರುತ್ತಿದ್ದವು. ಮೊದಲ ದಿನವೇ ಒಂದು ಅನಾಹುತವಾಯಿತು. ಹಳೆ ಸ್ಕೂಟರನ್ನು ಕಿಕ್ ಹೊಡೆಯುವ ಮುಂಚೆ ಒಂದು ಕಡೆಗೆ ಬಾಗಿಸಬೇಕು, ಪೆಟ್ರೋಲು ಇಳಿಯುತ್ತದೆ ಎಂಬುದು ನಮ್ಮವರೆಲ್ಲರ ನಂಬಿಕೆ. ಅಭ್ಯಾಸಬಲದಿಂದ ಬಾಗಿಸಿದೆ. ಒಳಗೆ ಸುಶೀಲಾ ಕೂತಿದ್ದಾಳೆಂಬುದು ಅವಳು ಅವಲಕ್ಕಿ ಡಬ್ಬಿಯ ಸಮೇತ ಬಾಗಿಲಿಗೆ ಬಂದು ಬಿದ್ದಾಗ ನೆನಪಾಯಿತು. “ಇನ್ನೊಮ್ಮೆ ಬಾಗಿಸಿದ್ರ ನಾ ತವರಿಗೆ ಹೊಕ್ಕೀನಿ ನೋಡ್ರಿ” ಎಂದಳು. ಮುಂದೆ ನಾನು ನೆಟ್ಟಗೆ ನಿಲ್ಲಿಸಿಯೇ ಕಿಕ್ ಹೊಡೆದೆ. ಪ್ರತಿ ಐತವಾರ ಅಕ್ಕನ ಮನೆಗೆ ಹೋಗಿಬರುತ್ತಿದ್ದೆವು. ದಾರಿಯುದ್ದಕ್ಕೂ ಅವಳು ಒಮ್ಮೆಯೂ ಕೆಮ್ಮುತ್ತಿರಲಿಲ್ಲ.

ಕಷ್ಟ ಉಳಿದ ಆರು ದಿನದ್ದು. ಆ ಡಬ್ಬಿಯನ್ನು ಬೇಕೆಂದಾಗ ಬಿಚ್ಚುವಂತಿರಲಿಲ್ಲ; ಕಾರ್ಖಾನೆಯ ಬಸ್ಸಿತ್ತು, ಆದರೆ ಓಡುವ ಗಾಡಿ ಮನೆಯಲ್ಲಿಟ್ಟು ಬಸ್ಸು ಹತ್ತಿದರೆ ಸುಶೀಲಾಳಿಗೆ ಏನು ಕಾರಣ ಹೇಳುವುದು, ಹಾಗಾಗಿ ಕಾರ್ಖಾನೆಗೂ ಅದರಲ್ಲೇ ಹೋಗಬೇಕು. ಗೇಟಿನಲ್ಲಿ ಕಂಡ ಕೂಡಲೇ “ಕ್ಯಾ ಮಿಯಾ, ಡೋಲಿ ಕಿಧರ್ ಜಾರೀ?” ಎಂದು ಯಾರಾದರೂ ಕೇಳುವರು. ಡೋಲಿ ಎಂದರೆ ಮದುವಣಗಿತ್ತಿಯ ಪಲ್ಲಕ್ಕಿ, ಅದು ಎಲ್ಲಿಗೆ ಹೊರಟಿತು ಎಂದು ಅವರ ಪ್ರಶ್ನೆ. ವಾರದೊಳಗೆ ನನ್ನ ಹೆಸರೇ ಡೋಲಿಸಾಬ್ ಎಂದಾಯಿತು. ನಮ್ಮ ಮೇಲಧಿಕಾರಿ ಕೂಡ ಒಮ್ಮೆ ಬಾಯಿತಪ್ಪಿ ಹಾಗೇ ಕರೆದು ಆಮೇಲೆ ಫೈಲಿನಲ್ಲಿ ಮುಖ ಮರೆಸಿಕೊಂಡರು. ಸಾಹೇಬನ ಚಿತ್ರ ಕಂಡು ಮರುಳಾಗಿದ್ದ ನನಗೆ ಚಿತ್ರದ ಹೊರಗೆ ಜನ ಇರುತ್ತಾರೆಂಬುದು ಹೊಳೆದಿರಲಿಲ್ಲ. ಹೀಗಿರುವಾಗ ದಸರಾ ಮುಗಿದ ವಾರ ಗಾಡಿ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಮೆಕ್ಯಾನಿಕ್ ಯಾದಯ್ಯನಿಗೆ ಮನೆಗೆ ಹೋಗಿ ನೋಡಲು ಹೇಳಿ, ನಾನು ಕಾರ್ಖಾನೆಯ ಬಸ್ಸು ಹತ್ತಿದೆ.

ಅವನು ಬಂದು, ನಾಲ್ಕು ಕಿಕ್ ಹೊಡೆದು ನೋಡಿ, “ಬಾಗು ಚೇಯಾಲಾ ಅಮ್ಮಾ?” ಎಂದು ಸುಶೀಲಾಳನ್ನು ಕೇಳಿದನಂತೆ. ರಿಪೇರಿ ಮಾಡಲೇ ಅಮ್ಮಾ ಎಂದು ಅವನ ಅರ್ಥ. ತೆಲುಗಿನಲ್ಲಿ ಬಾಗು ಎಂದರೆ ಚೆನ್ನ, ಬಾಗು ಮಾಡುವುದೆಂದರೆ ಸರಿ ಮಾಡುವುದು. ಕನ್ನಡದ ನನ್ನ ಹೆಂಡತಿಗೆ ಬಾಗು ಎಂದರೆ ಬಾಗು, ಮೊದಲ ದಿನ ಬಾಗಿಲಿಗೆ ಬಿದ್ದಾಗ ಅವಳ ಮೊಣಕೈಗೆ ಆದ ಕಲೆ ಇನ್ನೂ ಮಾಸಿರಲಿಲ್ಲ. ಬಾಗಿಸಿದರೆ ತಗಡು ಗೋಡೆಗೆ ತಾಗಿ ಪರದೆ ಹರಿದೀತೆಂದು ಹೆದರಿ, ಈ ಊರಿನಲ್ಲಿ ಕಲಿತಿದ್ದ ಒಂದೇ ಮಾತನ್ನು ಮೂರು ಸಲ ಹೇಳಿದಳು: “ನಕ್ಕೋ, ನಕ್ಕೋ, ನಕ್ಕೋ.” ಬೇಡವೆಂದರೆ ಬೇಡ ಎಂದು ಯಾದಯ್ಯ ಪಾನಾ ಚೀಲಕ್ಕೆ ಹಾಕಿ ಹೊರಟುಹೋದ. ಸಂಜೆ ಅವಳು, “ನೋಡಿದ, ಹೋದ. ಏನೂ ಮಾಡ್ಲಿಲ್ರಿ” ಎಂದಳು.

ಎರಡು ದಿನದ ಮೇಲೆ ಚಹಾದಂಗಡಿಯಲ್ಲಿ ಯಾದಯ್ಯ ಸಿಕ್ಕು ನಡೆದದ್ದನ್ನು ಹೇಳಿದ. ಒಂದು ತಾಸಿನ ಕೆಲಸ, ಈಗಲೇ ಬರಲೇ ಎಂದೂ ಕೇಳಿದ. ಇಲ್ಲಿ ನಾನು ನಕ್ಕು ಅವನನ್ನು ಮನೆಗೆ ಕರೆದುಕೊಂಡು ಹೋದೆ ಎಂದು ಬರೆಯಲು ನನಗೂ ಆಸೆ. ನಾನು ಹೇಳಿದ್ದು, “ಇರಲಿ, ಆಮೇಲೆ ನೋಡೋಣ.” ಎರಡು ದಿನ ಕಾರ್ಖಾನೆಯ ಬಸ್ಸಿನಲ್ಲಿ ಹೋಗಿದ್ದೆ, ಎರಡು ದಿನ ಯಾರೂ ನನ್ನನ್ನು ಡೋಲಿಸಾಬ್ ಎಂದಿರಲಿಲ್ಲ. ಆ ಸುಖ ಬಿಡಲು ಮನಸ್ಸಾಗಲಿಲ್ಲ. ಮನೆಗೆ ಬಂದು, “ಅದಕ್ಕ ಬೇಕಾದ ಸಾಮಾನು ಇಲ್ಲಿ ಸಿಗಂಗಿಲ್ಲ, ಇಟಲಿಯಿಂದ ಬರಬೇಕು” ಎಂದೆ. ಅಪರೂಪದ ಗಾಡಿಯ ದೊಡ್ಡ ಗುಣ ಇದು: ಅದರ ಹೆಸರಿನಲ್ಲಿ ಎಂಥ ಸುಳ್ಳು ಹೇಳಿದರೂ ನಡೆಯುತ್ತದೆ. ಸುಶೀಲಾ ತಲೆಯಾಡಿಸಿ ಒಳಗೆ ಹೋದಳು.

ಆಮೇಲಿನ ಪ್ರತಿ ಐತವಾರ ಬೆಳಿಗ್ಗೆ ಚಹಾ ಕೊಡುವಾಗ, “ಸಾಮಾನು ಬಂತೇನ್ರಿ?” ಎಂದು ಕೇಳುತ್ತಿದ್ದಳು. “ಇನ್ನೂ ಇಲ್ಲ” ಎನ್ನುತ್ತಿದ್ದೆ. ಒಮ್ಮೆ ಹಡಗಿನ ಮುಷ್ಕರ ಎಂದೆ, ಇನ್ನೊಮ್ಮೆ ಬೊಂಬಾಯಿಯ ಬಂದರಿನಲ್ಲಿ ಪೆಟ್ಟಿಗೆ ಸಿಕ್ಕಿಕೊಂಡಿದೆ ಎಂದೆ. ಅವಳು ಸಿಟ್ಟಾಗಲಿಲ್ಲ, ಹಟ ಹಿಡಿಯಲಿಲ್ಲ. ಹೋಗಿ ಗಾಡಿಯ ಪರದೆ ಬಿಚ್ಚಿ ತೊಳೆದು ಹಾಕುತ್ತಿದ್ದಳು, ಅಷ್ಟೇ. ದೀಪಾವಳಿ ಹೋಯಿತು, ಚಳಿಗಾಲವೂ ಮುಕ್ಕಾಲು ಹೋಯಿತು. ಸಂಕ್ರಾಂತಿಯ ಹೊತ್ತಿಗೆ ಅಕ್ಕನ ಕಾಗದ ಬಂತು. ನನ್ನ ಷಡ್ಡಕನಿಗೆ ಗುವಾಹಟಿಗೆ ವರ್ಗವಾಗಿತ್ತು, ನಾಲ್ಕು ದಿನದಲ್ಲಿ ಹೊರಡಬೇಕು.

ಸಿಕಂದರಾಬಾದ್ ಸ್ಟೇಷನ್ನಿಗೆ ಬಸ್ಸಿನಲ್ಲೇ ಹೋದೆವು. ಸುಶೀಲಾ ಸೆರಗನ್ನು ಮೂಗಿಗೆ ಒತ್ತಿ ಹಿಡಿದಿದ್ದಳು. ಆದರೂ ಪ್ಲಾಟ್‌ಫಾರ್ಮ್ ಮುಟ್ಟುವುದರೊಳಗೆ ಅವಳ ಎದೆ ಗೊರಗೊರ ಎನ್ನುತ್ತಿತ್ತು. ಮೂರು ತಿಂಗಳ ಮಾತಿತ್ತು, ಆಡಲು ಉಸಿರಿರಲಿಲ್ಲ. ಸಜ್ಜಿ ರೊಟ್ಟಿಯ ಗಂಟು ಕೊಟ್ಟು ಅಕ್ಕನ ಕೈ ಹಿಡಿದುಕೊಂಡು ಕೂತಳು. ಅಕ್ಕ ನನ್ನ ಕಡೆ ತಿರುಗಿ, “ನಿಮ್ಮ ಗಾಡಿ ಇನ್ನೂ ರಿಪೇರಿ ಆಗ್ಲಿಲ್ಲೇನ್ರಿ? ಪಾಪ, ನಿಮಗೂ ಎಷ್ಟು ತ್ರಾಸು” ಎಂದರು. ನಾನು ರೈಲಿನ ಗಾಲಿಗಳನ್ನು ನೋಡುತ್ತ ನಿಂತೆ.

ರೈಲು ಹೋದ ಮೇಲೆ ಬೆಂಚಿನ ಮೇಲೆ ಅವಳ ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಬಾಗು, ಯಾದಯ್ಯ, ಚಹಾದಂಗಡಿ, ಡೋಲಿ, ಎಲ್ಲ. ಉಸಿರು ಹತೋಟಿಗೆ ಬಂದ ಮೇಲೆ ಅವಳು ಮೂಗಿನ ಮೇಲಿನ ಸೆರಗು ತೆಗೆದಳು.

“ಗೊತ್ತೈತ್ರಿ” ಎಂದಳು. “ಬಾಗು ಅಂದ್ರ ಏನಂತ ಎರಡು ದಿನಕ್ಕ ಬಾಜೂ ಮನಿ ಸತ್ಯವತಮ್ಮನ್ನ ಕೈಸನ್ನಿ ಮಾಡಿ ಕೇಳಿ ತಿಳ್ಕೊಂಡಿದ್ದೆ.”

“ಮತ್ತ ಯಾಕ ಹೇಳಲಿಲ್ಲ?”

“ಹೇಳೂದ್ರಾಗ ನೀವು ಇಟಲಿ ಅಂದ್ರಿ. ಪಾನಾ ಹಿಡಕೊಂಡು ರಿಪೇರಿ ಮಾಡ್ಲೇನು ಅಂದಾಂವಗ ಇಟಲಿ ಸಾಮಾನು ಯಾಕ ಬೇಕ್ರಿ. ನೀವಾಗೇ ಹೇಳ್ತೀರೇನಂತ ಪ್ರತಿ ಐತವಾರ ಕೇಳ್ತಿದ್ದೆನಲ್ರಿ.”

ನನಗೆ ಅಳು ಬಂತು. ಸ್ಟೇಷನ್ನಿನಲ್ಲಿ ಅಳುವವರಿಗೇನೂ ಕೊರತೆಯಿಲ್ಲ, ಯಾರೂ ತಿರುಗಿ ನೋಡಲಿಲ್ಲ.

ಮರುದಿನ ರಜೆ ಹಾಕಿ ಯಾದಯ್ಯನನ್ನು ಕರೆತಂದೆ. ಅವನು ಒಂದು ತಾಸು ಎಂದಿದ್ದ, ಮುಕ್ಕಾಲು ತಾಸೇ ಸಾಕಾಯಿತು. ಗಾಡಿ ಮೊದಲ ಕಿಕ್ಕಿಗೇ ಚಾಲೂ ಆಯಿತು. ನಾನು ಪ್ಲಾಸ್ಟಿಕ್ ಹಾಳೆ ಒರೆಸಿ, ಪರದೆ ಕಟ್ಟಿ, ಬಾಗಿಲು ತೆರೆದು ಹಿಡಿದು ಸುಶೀಲಾಳನ್ನು ಕೂಗಿದೆ. ಅವಳು ಹೊಸ್ತಿಲಿಗೆ ಬಂದು, ಶಬ್ದ ಮಾಡುತ್ತ ನಿಂತ ಗಾಡಿಯನ್ನೂ ಅದರ ಪಕ್ಕ ನಿಂತ ನನ್ನನ್ನೂ ನೋಡಿದಳು. ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದಳು:

“ಈಗ ಎಲ್ಲಿಗೆ ಹೋಗೂದ್ರಿ?”

ಇಷ್ಟು ದೊಡ್ಡ ಊರಿನಲ್ಲಿ, ಮೂರು ತಿಂಗಳು ಸುಳ್ಳಿನ ಮೇಲೆ ಸುಳ್ಳು ಹೊಸೆದ ನನ್ನ ಬಾಯಿಗೆ, ಹೇಳಲು ಒಂದು ಜಾಗದ ಹೆಸರೂ ಬರಲಿಲ್ಲ.