ಎಲ್ಲರ ಮನಸ್ಸಿಗೂ ಒಂದೇ ಪೆನ್ನು

ಆ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ಯಾರು ಏನು ಬರೆಯಬೇಕಾಗಿ ಬಂದರೂ ಅದನ್ನು ಬರೆಯುತ್ತಿದ್ದವನು ಒಬ್ಬನೇ ಗುಮಾಸ್ತ. ಅವನ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಅದಕ್ಕೇ ಜನ ಅವನನ್ನು ಅಕ್ಷರಪ್ಪ ಎಂದು ಕರೆಯುತ್ತಿದ್ದರು. ದೇವರು ಕೊಟ್ಟ ವರವೇ ಒಮ್ಮೊಮ್ಮೆ ಹೆಗಲ ಮೇಲಿನ ಮೂಟೆಯಾಗುತ್ತದೆ. ಒಬ್ಬರ ರಜೆ ಅರ್ಜಿ, ಇನ್ನೊಬ್ಬರ ತಪ್ಪೊಪ್ಪಿಗೆ, ವಿಭಾಗದ ಮುಖ್ಯಸ್ಥರ ಭಾಷಣ, ಅವರ ಮೊಮ್ಮಗಳ ಶಾಲೆಯ ಪ್ರಬಂಧ ಎಲ್ಲವೂ ಇಳಿಜಾರಿಗೆ ನೀರು ಬಂದ ಹಾಗೆ ಅವನ ಮೇಜಿಗೇ ಬಂದು ನಿಲ್ಲುತ್ತಿದ್ದವು.

ಅವನಿಗೆ ಬೇಕಾಗಿದ್ದದ್ದು ಗ್ರಂಥಾಲಯಕ್ಕೆ ವರ್ಗ, ಅಷ್ಟೇ. ಅಲ್ಲಿ ಯಾರೂ ಮಾತಾಡುವುದಿಲ್ಲ, ಹೊತ್ತಿಗೆ ಸರಿಯಾಗಿ ಬಾಗಿಲು ಹಾಕುತ್ತಾರೆ, ಬರೆಯಬೇಕಾದ್ದನ್ನೆಲ್ಲ ಯಾರೋ ಪುಣ್ಯಾತ್ಮರು ಆಗಲೇ ಬರೆದು ಮುಗಿಸಿದ್ದಾರೆ. ಆದರೆ ಕೇಳಿದಾಗಲೆಲ್ಲ ಮುಖ್ಯಸ್ಥರು, "ನೀವು ಹೋದ್ರೆ ನನ್ನ ಬಲಗೈ ಹೋದ ಹಾಗೆ ಕಣ್ರೀ" ಎನ್ನುತ್ತಿದ್ದರು. ಹಾಗೆನ್ನುವಾಗ ಅವರ ಬಲಗೈ ಬಿಸ್ಕತ್ತಿನ ಪೊಟ್ಟಣದೊಳಗೆ ಕ್ಷೇಮವಾಗಿರುತ್ತಿತ್ತು.

ಹೀಗಿರುವಾಗ ರಿಜಿಸ್ಟ್ರಾರ್ ಕಚೇರಿಯಿಂದ ಸುದ್ದಿ ಬಂತು. ನೌಕರರ ಕೆಲಸದ ವಾತಾವರಣ ಹೇಗಿದೆ ಎಂದು ಸಮೀಕ್ಷೆಯಂತೆ. ಎಲ್ಲರಿಗೂ ಒಂದೊಂದೇ ಹಾಳೆ. ಹೆಸರು ಬೇಡ, ಹುದ್ದೆ ಸಾಕು. ಸ್ವಂತ ಮನಸ್ಸಿನಿಂದ, ಸ್ವಂತ ಕೈಯಿಂದ ತುಂಬಿ ಬೀಗದ ಪೆಟ್ಟಿಗೆಗೆ ಹಾಕಬೇಕು. ಸಂಜೆ ಸಭಾಂಗಣದಲ್ಲಿ ರಿಜಿಸ್ಟ್ರಾರರೇ ತೆರೆದು ಓದುತ್ತಾರೆ.

ಆ ದಿನ ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತಿದ್ದ ಅಕ್ಷರಪ್ಪನನ್ನು ಹೆಂಡತಿ ಬಾಗಿಲಲ್ಲೇ ತಡೆದಳು.

"ಊರವರ ಮನಸ್ಸೆಲ್ಲ ಬರ್ಕೊಡ್ತೀರಿ. ಇವತ್ತೊಂದಿನ ನಿಮ್ಮ ಮನಸ್ಸು ಬರೀರಿ. ಬರೀದೆ ಬಂದ್ರೆ ಈ ಬಾಗಿಲು ತೆಗೆಯೋರಿಲ್ಲ."

"ಬರೀತೀನಿ ಕಣೇ. ಕೆಲಸ ಹೋದ್ರೂ ಸೈ, ಬರೀತೀನಿ. ನೋಡ್ತಿರು."

"ನೋಡ್ತಾನೇ ಇದೀನಲ್ಲ, ಮದುವೆಯಾದಾಗಿಂದ."

ಅಕ್ಷರಪ್ಪ ಕಚೇರಿಗೆ ಬಂದು ಕುಳಿತು, ಕತ್ತಿ ಹಿರಿದವನಂತೆ ಪೆನ್ನಿನ ಟೋಪಿ ಕಳಚಿದ. ತನ್ನ ಹಾಳೆಯ ಮೇಲೆ ಬರೆದೇಬಿಟ್ಟ: 'ಇಲ್ಲಿ ಉಸಿರು ಕಟ್ಟುತ್ತದೆ. ಮುಖ್ಯಸ್ಥರ ಕೆಲಸ ನಾನು ಮಾಡುತ್ತೇನೆ, ನನ್ನ ನಿದ್ದೆ ಅವರು ಮಾಡುತ್ತಾರೆ. ನನ್ನನ್ನು ಗ್ರಂಥಾಲಯಕ್ಕೆ ಕಳಿಸಿ.' ಹೆಸರು ಬೇಡವೆಂದಿದ್ದರೂ ಕೆಳಗೆ ಹೆಸರನ್ನೂ ಬರೆದು, ಎರಡು ಗೆರೆ ಎಳೆದ.

ಶಾಯಿ ಆರುವುದರೊಳಗೆ ಟೈಪಿಸ್ಟಮ್ಮ ಬಂದಳು. "ಅಣ್ಣಾ, ನಂದೂ ಒಂದು ಗೀಚಿಬಿಡಿ."

"ಸ್ವಂತ ಕೈಯಿಂದ ಅಂತ ಇದೆಯಲ್ಲಕ್ಕಾ."

"ನಿಮ್ಮ ಕೈ ಬೇರೆ ನನ್ನ ಕೈ ಬೇರೇನಾ? ಯಾರಾದ್ರೂ ಬರ್ದಿದ್ದನ್ನ ಟೈಪ್ ಮಾಡು ಅಂದ್ರೆ ಮಾಡ್ತೀನಿ. ಸ್ವಂತ ಮನಸ್ಸಿಂದ ಬರಿ ಅಂದ್ರೆ ಎಲ್ಲಿಂದ ತರ್ಲಿ? ಎಲ್ಲ ಚೆನ್ನಾಗಿದೆ ಅಂತ ಹಾಕಿ. ಹಾಗೇ, ಕ್ಯಾಷಿಯರ್ ಮಧ್ಯಾಹ್ನ ಹೊಡೆಯೋ ಗೊರಕೆ ನನ್ನ ಮಷೀನಿಗಿಂತ ಜೋರು ಅಂತಾನೂ ಸೇರ್ಸಿ."

ಪಕ್ಕದ ಜಾಲರಿಯ ಹಿಂದಿನಿಂದ ಕ್ಯಾಷಿಯರ್ ಎದ್ದು ಬಂದ, ಒಂದು ಕೈಯಲ್ಲಿ ಹಾಳೆ, ಇನ್ನೊಂದರಲ್ಲಿ ಚಹಾದ ಲೋಟ. "ನಂದೂ ಬರೀರಿ ಅಕ್ಷರಪ್ಪ. ಈಯಮ್ಮ ಫೋನಲ್ಲಿ ತಂಗಿ ಹತ್ರ ಸೊಸೆ ಪುರಾಣ ಶುರು ಮಾಡಿದ್ರೆ ಮನುಷ್ಯನಿಗೆ ನಿದ್ದೆ ಬರದೆ ಇನ್ನೇನು ಬರತ್ತೆ?"

"ನಿಮ್ಮ ಗೊರಕೆಗೆ ನಮ್ಮ ಸೊಸೆ ಕಾರಣಾನಾ?"

"ಪಾಪ, ಆ ಹುಡುಗಿಗೂ ಒಂದು ಹಾಳೆ ಕೊಟ್ಟಿದ್ರೆ ಗೊತ್ತಾಗ್ತಿತ್ತು ನಿಮ್ಮನೆ ವಾತಾವರಣ."

"ಅದನ್ನ ಬರೀಬೇಡಿ ಅಣ್ಣಾ."

"ಬರೀರಿ, ನಾನು ಹೇಳ್ತೀನಿ."

ಒಬ್ಬಳು ಎಡ ಮೊಣಕೈ ಹಿಡಿದಳು, ಒಬ್ಬ ಬಲ ಭುಜ ಹಿಡಿದ. ಅಕ್ಷರಪ್ಪ ಇಬ್ಬರ ನಡುವೆ ಮಜ್ಜಿಗೆಯಲ್ಲಿ ಕಡಗೋಲು ತಿರುಗಿದ ಹಾಗೆ ತಿರುಗಿದ. ಚಹಾದ ಲೋಟ ಮಗುಚಿತು. ಮಗುಚಿದ್ದು ಬೇರೆಲ್ಲೂ ಅಲ್ಲ, ಅವನ ಹಾಳೆಯ ಮೇಲೇ. ಉಸಿರು, ನಿದ್ದೆ, ಗ್ರಂಥಾಲಯ, ಎರಡು ಗೆರೆ ಎಲ್ಲ ಒಂದೇ ಕೆಸರಾಗಿ ಮೇಜಿನ ಅಂಚಿನಿಂದ ತೊಟ್ಟಿಕ್ಕಿದವು. ಇನ್ನೊಂದು ಹಾಳೆ ಸಿಗುವಂತಿರಲಿಲ್ಲ.

"ಹೋಗ್ಲಿ ಬಿಡಿ ಅಣ್ಣಾ, ನಮ್ಮದಿದೆಯಲ್ಲ" ಎಂದು ಟೈಪಿಸ್ಟಮ್ಮ ಸಮಾಧಾನ ಹೇಳಿದಳು.

ಅಷ್ಟರಲ್ಲಿ ಒಳಗಿನಿಂದ ಮುಖ್ಯಸ್ಥರ ಕರೆ ಬಂತು. ಅವರು ಕುರ್ಚಿಯಲ್ಲಿ ಒರಗಿಕೊಂಡೇ ತಮ್ಮ ಖಾಲಿ ಹಾಳೆಯನ್ನು ಬೆರಳ ತುದಿಯಲ್ಲಿ ಮುಂದಕ್ಕೆ ತಳ್ಳಿದರು.

"ಇದನ್ನೂ ತುಂಬಿಬಿಡಿ. ನನ್ನ ಮನಸ್ಸು ನಿಮಗೆ ಗೊತ್ತಲ್ಲ."

"ಓದಿ ನೋಡ್ತೀರಾ ಸಾರ್, ಬರೆದ ಮೇಲೆ?"

"ನಾನು ಯಾವತ್ತು ಓದಿದೀನಿ? ನೇರ ಪೆಟ್ಟಿಗೆಗೆ ಹಾಕಿ."

ಅಕ್ಷರಪ್ಪ ಹಾಳೆ ಹಿಡಿದು ಹೊರಬಂದು ನಿಂತ. ಇಷ್ಟು ವರ್ಷ ಅಕ್ಷರ ಕೊಟ್ಟ ದೇವರು ಇವತ್ತೊಂದು ಹಾಳೆಯನ್ನೂ ಕೊಟ್ಟ, ಇನ್ನು ಧೈರ್ಯ ನನ್ನದು ಎಂದುಕೊಂಡ. ಕುಳಿತ. ಹುದ್ದೆ: ಪರೀಕ್ಷಾ ವಿಭಾಗದ ಮುಖ್ಯಸ್ಥ. ವಿಭಾಗಕ್ಕೆ ದೊಡ್ಡ ಅಡ್ಡಿ ಯಾವುದು? 'ನಾನೇ.' ಕಾರಣ? 'ನಾನು ಕೆಲಸ ಮಾಡುವುದಿಲ್ಲ, ಮಾಡುವವನನ್ನು ಬಿಟ್ಟುಕೊಡುವುದಿಲ್ಲ.' ಪರಿಹಾರ? 'ನನ್ನನ್ನು ಇಲ್ಲಿಂದ ತೆಗೆಯಿರಿ. ನನ್ನ ಗುಮಾಸ್ತನನ್ನು ಗ್ರಂಥಾಲಯಕ್ಕೆ ಕಳಿಸಿ.'

ಹೆಗಲ ಮೇಲಿಂದ ಬಗ್ಗಿ ಓದಿದ ಕ್ಯಾಷಿಯರ್ ಬೆವತುಹೋದ. "ಅಯ್ಯಾ, ಇದು ನಿಮ್ಮ ಅಕ್ಷರ ಅಂತ ಕುರುಡನಿಗೂ ಗೊತ್ತಾಗತ್ತೆ. ಹೆಂಡ್ತಿ ಮಕ್ಕಳಿರೋ ಮನುಷ್ಯ ನೀವು."

"ಹೆಂಡ್ತಿ ಇರೋದ್ರಿಂದಾನೇ ಬರ್ದಿದ್ದು" ಎಂದು ಅಕ್ಷರಪ್ಪ ಎಲ್ಲರೂ ನೋಡುತ್ತಿದ್ದಂತೆ ಹಾಳೆಯನ್ನು ಪೆಟ್ಟಿಗೆಗೆ ಹಾಕಿದ. ಮಧ್ಯಾಹ್ನವೆಲ್ಲ ಎದೆಯೆತ್ತಿ ಓಡಾಡಿದ. ಮುಖ್ಯಸ್ಥರು ಮೊಮ್ಮಗಳ ಪ್ರಬಂಧಕ್ಕೆ ಹೇಳಿಕಳಿಸಿದಾಗ, ಹುಟ್ಟಿದಂದಿನಿಂದ ಮೊದಲ ಸಲ, "ಬಿಡುವಿಲ್ಲ" ಎಂದ.

ಸಂಜೆ ಸಭಾಂಗಣ ತುಂಬಿತ್ತು. ರಿಜಿಸ್ಟ್ರಾರರು ಪೆಟ್ಟಿಗೆ ತೆರೆದು, ಹಾಳೆಗಳನ್ನೆಲ್ಲ ಓದಿ ನೋಡಿ, ಕಟ್ಟನ್ನು ಪಕ್ಕಕ್ಕೆ ಸರಿಸಿ, ಒಂದನ್ನು ಮಾತ್ರ ಕೈಗೆತ್ತಿಕೊಂಡರು.

"ಎಲ್ಲ ವಿಭಾಗದ ಮುಖ್ಯಸ್ಥರೂ ಕೆಳಗಿನವರ ತಪ್ಪು ಬರ್ದಿದಾರೆ. ಒಬ್ಬರು ಮಾತ್ರ ತಮ್ಮ ತಪ್ಪು ಬರ್ದಿದಾರೆ. ಪರೀಕ್ಷಾ ವಿಭಾಗದ ಮುಖ್ಯಸ್ಥರು. ಕೇಳಿ." ಓದಿದರು. ಮುಗಿಸಿ ಕನ್ನಡಕ ಒರೆಸಿಕೊಂಡರು. "ಗ್ರಂಥಾಲಯಕ್ಕೆ ಅಧಿಪತಿ ಇಲ್ಲದೆ ಬಹಳ ದಿನ ಆಯ್ತು. ಅಲ್ಲಿಗೆ ಅಹಂಕಾರ ಕಳ್ಕೊಂಡ ಇಂಥ ಮನುಷ್ಯರೇ ಬೇಕು. ಅವರೇ ಕೇಳಿಕೊಂಡ ಹಾಗೆ ಅವರನ್ನ ಇಲ್ಲಿಂದ ತೆಗೆದು ಗ್ರಂಥಾಲಯಾಧಿಪತಿ ಮಾಡಿದೀನಿ. ಅವರು ಇಷ್ಟಪಟ್ಟ ಗುಮಾಸ್ತರನ್ನೂ ಅವರ ಜೊತೇಲೇ ಕಳಿಸ್ತಿದೀನಿ."

ಚಪ್ಪಾಳೆಯ ಸದ್ದಿಗೆ ಮುಖ್ಯಸ್ಥರಿಗೆ ಎಚ್ಚರವಾಯಿತು. ವೇದಿಕೆಗೆ ಕರೆಯುತ್ತಿದ್ದಾರೆಂದು ತಿಳಿದದ್ದೇ ಪಕ್ಕದಲ್ಲಿದ್ದ ಅಕ್ಷರಪ್ಪನ ತೋಳು ಹಿಡಿದರು. "ಏನ್ರೀ ಇದು? ಏನು ಹೇಳ್ಲಿ ಅಲ್ಲಿ? ಬೇಗ ಎರಡು ಸಾಲು ಬರ್ದುಕೊಡಿ."

ಅಕ್ಷರಪ್ಪ ತೋಳು ಕೊಡವಿ ಎದ್ದು ನಿಂತ. ಎಂದೂ ಏರದ ದನಿಯನ್ನು ಏರಿಸಿ ಅಂದ: "ಇನ್ನು ನನ್ನಿಂದ ಒಂದಕ್ಷರಾನೂ ಆಗಲ್ಲ. ನಮ್ಮ ನಿಮ್ಮ ಋಣ ಇಲ್ಲಿಗೆ ತೀರ್ತು."

ಮುಖ್ಯಸ್ಥರು ತುಟಿ ಅಲ್ಲಾಡಿಸುತ್ತ ಮೆಟ್ಟಿಲೇರಿದರು. ಮೈಕಿನ ಮುಂದೆ ನಿಂತು ಜನರನ್ನು ನೋಡಿದರು, ಕೈಮುಗಿದರು.

"ಇನ್ನು ನನ್ನಿಂದ ಒಂದಕ್ಷರಾನೂ ಆಗಲ್ಲ" ಎಂದರು. "ನಮ್ಮ ನಿಮ್ಮ ಋಣ ಇಲ್ಲಿಗೆ ತೀರ್ತು."

ಸಭಾಂಗಣವಿಡೀ ಎದ್ದು ನಿಂತಿತು. ಟೈಪಿಸ್ಟಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮುಖ್ಯಸ್ಥರು ಹಾರ ಹಾಕಿಸಿಕೊಂಡು, ಹೊಸ ಹುದ್ದೆ ಯಾವುದೆಂದು ತಿಳಿದುಕೊಂಡು ಕೆಳಗಿಳಿದು ಬಂದು, ಅಕ್ಷರಪ್ಪನ ಪಕ್ಕದಲ್ಲಿ ನಿರಾಳವಾಗಿ ಕುಳಿತು ಅವನ ಬೆನ್ನು ತಟ್ಟಿದರು.

"ತುಂಬಾ ಚೆನ್ನಾಗಿತ್ತು ಕಣ್ರೀ. ಮೊದಲೆಲ್ಲ ಉದ್ದ ಮಾಡ್ತಿದ್ರಿ. ಗ್ರಂಥಾಲಯದಲ್ಲೂ ಹೀಗೇ ಬರೀರಿ."