ಎದೆಗೆ ಕಟ್ಟಿದ ಡಬ್ಬಿ

ನಮ್ಮ ದೇಶದ ವಿಜ್ಞಾನವು ಒಂದು ಹೆಜ್ಜೆ ಮುಂದಿಟ್ಟಾಗಲೆಲ್ಲ ಆ ಹೆಜ್ಜೆಯು ನನ್ನ ಕಾಲಿನ ಮೇಲೆಯೇ ಬೀಳುವುದು ವಾಡಿಕೆ. ಈ ಸಲ ಅದು ನೇರವಾಗಿ ಎದೆಗೇ ಬಂದಿತು.

೧. ಹೆಬ್ಬೆರಳು

ಹೃದಯವು ನಡುನಡುವೆ ಒಂದು ಬಡಿತವನ್ನು ನುಂಗಿದಂತೆನಿಸಿ, ಭಯಗೊಂಡು ನ್ಯಾಮತಿಯ ಚಿಕಿತ್ಸಾಲಯಕ್ಕೆ ಹೋದೆ. ನರ್ಸಮ್ಮನವರು ಇಸಿಜಿ ತೆಗೆದು, ಅದನ್ನು ಹೊನ್ನಾಳಿಯ ಡಾಕ್ಟರಿಗೆ ಫೋನಿನಲ್ಲಿ ಕಳುಹಿಸಿದರು. ಉತ್ತರಕ್ಕಾಗಿ ಕಾದ ಹತ್ತು ನಿಮಿಷಗಳಲ್ಲಿ ನಾನು ನನ್ನ ಗ್ರಂಥಗಳನ್ನೆಲ್ಲ ಮನಸ್ಸಿನಲ್ಲಿಯೇ ಶಿಷ್ಯರಿಗೆ ಹಂಚಿ ಮುಗಿಸಿದ್ದೆ. ಕಡೆಗೆ ಬಂದದ್ದು, ಮೇಲೆತ್ತಿದ ಹೆಬ್ಬೆರಳಿನ ಒಂದು ಚಿತ್ರ.

ಇದರ ತಾತ್ಪರ್ಯವೇನೆಂದು ಕೇಳಿದೆ.

"ಚೆನ್ನಾಗೈತೆ ಅಂತಾನೋ, ನೋಡಿದೀನಿ ಅಂತಾನೋ, ನನಗೂ ಗೊತ್ತಾಗ್ತಿಲ್ಲ ಮೇಷ್ಟ್ರೆ."

ನಲವತ್ತು ವರ್ಷ ಹಳಗನ್ನಡ ಪದ್ಯಗಳಿಗೆ ಅರ್ಥ ಹೇಳಿದವನಿಗೆ ಒಂದು ಬೆರಳು ಅರ್ಥವಾಗಲಿಲ್ಲ.

೨. ಬಸ್ಸಿನಲ್ಲಿ

ಮರುದಿನ ಹೊನ್ನಾಳಿಗೇ ಹೋದೆ. ಡಾಕ್ಟರು ಎದೆಗೆ ತಂತಿಗಳನ್ನು ಅಂಟಿಸಿ, ಬಡಿತವನ್ನು ದಾಖಲಿಸುವ ಸಣ್ಣ ಡಬ್ಬಿಯೊಂದನ್ನು ಕಟ್ಟಿದರು. ಒಂದು ದಿನ ನಿತ್ಯದಂತೆಯೇ ಇರಬೇಕು, ವಿಶೇಷವೇನಾದರೂ ನಡೆದರೆ ವೇಳೆಸಹಿತ ಬರೆದಿಡಬೇಕು ಎಂದು ಅಪ್ಪಣೆಯಾಯಿತು.

ಹಿಂದಿರುಗುವಾಗ ಬಸ್ಸಿನಲ್ಲಿ, ಅಂಗಿಯ ಸಂದಿನಿಂದ ಇಣುಕಿದ ತಂತಿಯನ್ನು ಕಂಡು ಪಕ್ಕದಲ್ಲಿದ್ದ ರೈತ ಮಹಿಳೆ ಧೈರ್ಯ ಹೇಳಿದರು.

"ಹೆದರಬ್ಯಾಡ್ರಿ ಅಜ್ಜಾರೆ, ನಮ್ಮ ಹೊಲದ ಮೋಟ್ರಿಗೂ ಇಂಥದ್ದೇ ಡಬ್ಬಿ ಐತೆ. ಮನೇಲಿ ಕುಂತು ಫೋನ್ ಮಾಡಿದ್ರೆ ಸಾಕು, ಮೋಟ್ರು ತಾನೇ ಬಂದ್ ಆಗತೈತೆ."

ಕೂಡಲೇ ನನ್ನ ಫೋನನ್ನು ಆರಿಸಿದೆ; ಮನೆ ತಲುಪುವವರೆಗೂ ಅದನ್ನು ಚಾಲೂ ಮಾಡಲಿಲ್ಲ.

೩. ನಾಲ್ಕೂ ಹತ್ತು

ಮನೆಯಲ್ಲಿ ನಾವು ಆಡಿದ ಮಾತನ್ನೆಲ್ಲ ಆ ಡಬ್ಬಿಯು ಡಾಕ್ಟರಿಗೆ ವರದಿ ಮಾಡುತ್ತದೆಂದು ನನ್ನಾಕೆಯು ನಂಬಿದಳು. ಅದು ಬಡಿತವನ್ನು ಮಾತ್ರ ಎಣಿಸುತ್ತದೆಂಬ ನನ್ನ ವಿವರಣೆ ವ್ಯರ್ಥವಾಯಿತು. ಐವತ್ತು ವರ್ಷಗಳಿಂದ ನನ್ನ ಪ್ರತಿ ವಾಕ್ಯಕ್ಕೂ ಖಂಡನೆ ರಚಿಸುತ್ತಿದ್ದ ಆಕೆ ಅಂದು ಬೆಲ್ಲದಂತೆ ಮಾತನಾಡಿದಳು. ನಿತ್ಯದಂತಿರುವುದು ಹೇಗೆ? ಇಂಥ ದಿನದ ವರದಿಯು ನಿಜವಾದೀತೆ? ಚಿಂತೆ ಇಮ್ಮಡಿಯಾಯಿತು.

ಮರುದಿನ ಇಬ್ಬರೂ ಡಾಕ್ಟರ ಮುಂದೆ ಕುಳಿತೆವು. ಅವರು ಡಬ್ಬಿಯನ್ನು ಬಿಚ್ಚಿ, ಕಂಪ್ಯೂಟರಿಗೆ ಜೋಡಿಸಿ, ಪರದೆಯನ್ನು ಬಹಳ ಹೊತ್ತು ನೋಡಿದರು.

"ಎಲ್ಲಾ ಸರಿ ಐತೆ. ನಿನ್ನೆ ಸಂಜೆ ನಾಲ್ಕೂ ಹತ್ತಕ್ಕೆ ಮಾತ್ರ ಬಡಿತ ಒಮ್ಮೆಲೇ ಏರೈತೆ. ಆಗ ಏನಾಯ್ತು ಮೇಷ್ಟ್ರೆ?"

ಟಿಪ್ಪಣಿ ಪುಸ್ತಕವನ್ನು ತೆರೆದು, ಬರೆದಿದ್ದನ್ನು ಓದಿದೆ: 'ನಾಲ್ಕು ಗಂಟೆ ಹತ್ತು ನಿಮಿಷ. ಪತ್ನಿಯು ಕಾಫಿ ತಂದಿಟ್ಟು, ನೀವು ಹೇಳಿದ್ದೇ ಸರಿ ಎಂದಳು.'

ಡಾಕ್ಟರು ನಗು ತಡೆದುಕೊಂಡು, ಹೃದಯಕ್ಕೆ ಯಾವ ದೋಷವೂ ಇಲ್ಲ, ಆ ಮಾತು ಕೇಳಿ ಅಭ್ಯಾಸವಿಲ್ಲ ಅಷ್ಟೆ, ಆಗಾಗ ಹೇಳುತ್ತಿರಬೇಕು ಎಂದು ಆಕೆಗೆ ಸಲಹೆ ಕೊಟ್ಟರು.

ಆಕೆ ಸೆರಗು ಸರಿಪಡಿಸಿಕೊಂಡಳು.

"ನಾನು ಹೇಳಿದ್ದು ಡಬ್ಬಿಗೆ ಡಾಕ್ಟ್ರೆ, ಇವರಿಗಲ್ಲ."