ಬೇಸಿಗೆಯಲ್ಲಿ ಕಂಬಳಿ ಹೊದ್ದ ವಠಾರ

ನಮ್ಮ ಭಾವನವರಿಗೆ ಈ ಲೋಕದಲ್ಲಿ ಇದ್ದದ್ದು ಒಬ್ಬನೇ ಶತ್ರು. ಅವನು ಸೂರ್ಯ! ದಾಯಾದಿಗಳ ಮೇಲೆ ಹಗೆ ಸಾಧಿಸುವವರನ್ನು ನೋಡಿದ್ದೇನೆ. ಬೀಗರ ಜೊತೆ ಸಾಯುವ ತನಕ ಮಾತು ಬಿಟ್ಟವರನ್ನೂ ನೋಡಿದ್ದೇನೆ. ಆದರೆ ಊರೆಲ್ಲ ಪೂರ್ವಕ್ಕೆ ತಿರುಗಿ ಕೈಮುಗಿಯುವ ಹೊತ್ತಿನಲ್ಲಿ, ಬಾಯಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡು, "ಬಂದ್ಯಾ? ಬಾ, ಬಾ. ಇವತ್ತು ಐತೆ ನಿಂಗೆ" ಎನ್ನುವ ಮನುಷ್ಯನನ್ನು ಬೇರೆಲ್ಲೂ ಕಂಡಿಲ್ಲ. ಅದೂ ಎಲ್ಲಿ? ಪಾವಗಡದಲ್ಲಿ! ನೀರಿನಲ್ಲಿ ನಿಂತು ಮೊಸಳೆಯ ಜೊತೆ ಜಗಳ ತೆಗೆಯುವವನಿಗಾದರೂ ದಡವೊಂದಿರುತ್ತದೆ. ಪಾವಗಡದಲ್ಲಿ ಸೂರ್ಯನನ್ನು ಎದುರು ಹಾಕಿಕೊಂಡವನು ಓಡುವುದೆಲ್ಲಿಗೆ?

ಈ ಜಗಳ ಹಚ್ಚಿಕೊಟ್ಟವನು ನಾನೇ, ಒಪ್ಪಿಕೊಂಡುಬಿಡುತ್ತೇನೆ. ಮಧುಗಿರಿಯಲ್ಲಿ ನನ್ನದು ಹಳೆಯ ಕಟ್ಟಡದ ಸಾಮಾನಿನ ವ್ಯಾಪಾರ. ಕೆಡವಿದ ಮನೆಗಳ ಬಾಗಿಲು, ಕಿಟಕಿ, ತೊಲೆ, ಹೆಂಚು, ತಗಡು, ಎಲ್ಲವೂ ನನ್ನ ಹತ್ತಿರ ಸಿಗುತ್ತಿತ್ತು. ಬರಿಗೈಯಲ್ಲಿ ಶುರುಮಾಡಿದವನು ನಾನು, ಬಾಯಿಯೇ ನನ್ನ ಬಂಡವಾಳ. ಭಾವನವರಿಗೆ ಪಾವಗಡದಲ್ಲಿ ಸಾಲಾಗಿ ಆರು ಮನೆಗಳ ಒಂದು ವಠಾರವಿತ್ತು. ಮೊದಲನೆಯದರಲ್ಲಿ ಅವರೂ ನಮ್ಮಕ್ಕನೂ, ಉಳಿದ ಐದರಲ್ಲಿ ಬಾಡಿಗೆಯವರು. ಮೇಲೆ ಅಜ್ಜನ ಕಾಲದ ಚೌಳುಮಣ್ಣಿನ ಮಾಳಿಗೆ. ಒಂದು ಮಳೆಗಾಲ ಅದು ಆರು ಕಡೆ ಸೋರಿತು.

"ಭಾವ, ಮಣ್ಣನ್ನು ಇಳಿಸಿ. ತಗಡು ಹೊದಿಸಿ. ಸಿರಾದಲ್ಲಿ ಒಂದು ಗೋದಾಮು ಕೆಡವ್ತಿದಾರೆ, ನಾನು ಕೊಡಿಸ್ತೀನಿ" ಎಂದೆ.

ಕೊಡಿಸಿದೆ. ಹೇಗೆ ಚೌಕಾಸಿ ಮಾಡಿದೆನೆಂದರೆ, ಮಾರಿದವನು ಕೊನೆಗೆ ನನ್ನನ್ನು ಕಳಿಸಲಿಕ್ಕಾಗಿಯೇ ಗಾಡಿಯನ್ನೂ ಅವನೇ ಮಾಡಿಕೊಟ್ಟ! ಮಳೆ ನಿಂತಿತು, ಸೋರುವುದೂ ನಿಂತಿತು. ನನ್ನ ಬುದ್ಧಿವಂತಿಕೆಯನ್ನು ನಾಲ್ಕು ತಾಲ್ಲೂಕಿನಲ್ಲಿ ನಾನೇ ಹೊಗಳಿಕೊಂಡು ತಿರುಗಿದೆ. ಆಮೇಲೆ ಶಿವರಾತ್ರಿ ಬಂತು.

ನೀವೇನಾದರೂ ಬಾಡಿಗೆಗೆ ಮನೆ ಕಟ್ಟಿಸುವವರಿದ್ದರೆ ಇದೊಂದು ಮಾತು ಬರೆದಿಟ್ಟುಕೊಳ್ಳಿ: ತಗಡು ಕೊಳ್ಳುವಾಗ ಬಡಿದು ನೋಡಬೇಡಿ, ಮಧ್ಯಾಹ್ನ ಎರಡು ಗಂಟೆಗೆ ಅದರ ಕೆಳಗೆ ಕೂತು ನೋಡಿ. ಭಾವನವರ ವಠಾರದಲ್ಲಿ ಅಟ್ಟದ ಮೇಲಿಟ್ಟ ಬೆಲ್ಲ ಹೋಳಿಗೆಗೆ ಪಾಕವಾಗಿ ಇಳಿಯಿತು. ಹನ್ನೊಂದು ಗಂಟೆಯಾದರೆ ಸಾಕು, ಐದೂ ಸಂಸಾರಗಳು ಚಾಪೆ, ಮೊರ, ಮುದುಕರು, ಮಕ್ಕಳ ಸಮೇತ ಎದುರಿನ ಹೊಂಗೆ ಮರದ ಕೆಳಗೆ ಬಂದು ಬೀಳುತ್ತಿದ್ದವು. ಬಾಡಿಗೆ ಮನೆಗೋ ಮರಕ್ಕೋ ಎಂದು ಕೇಳುವ ಹಾಗಾಗಿತ್ತು.

ಬೇರೆ ಯಾರಾದರೂ ಮಾಲೀಕರಾಗಿದ್ದರೆ, "ಪಾವಗಡ ಅಂದ್ಮೇಲೆ ಬಿಸಿಲು ಇಲ್ದೆ ಹಿಮ ಬೀಳ್ತದಾ?" ಎಂದು ಬೀಡಿ ಹಚ್ಚುತ್ತಿದ್ದರು. ನಮ್ಮ ಭಾವ ಹಾಗಲ್ಲ. ಅವರದು ಕಡಲೆಕಾಯಿ ಮಿಲ್ಲಿನಲ್ಲಿ ತೂಕ ಹಾಕುವ ಕೆಲಸ. ಅಳತೆಗೆ ಸಿಗದಿದ್ದನ್ನು ಅವರು ನಂಬುವವರೇ ಅಲ್ಲ. ಸೆಕೆಯನ್ನು ಅಳೆಯುವುದು ಹೇಗೆ? ಆರು ಮೇಣದಬತ್ತಿ ತಂದರು. ಒಂದೊಂದು ಮನೆಯ ಅಟ್ಟದಲ್ಲಿ ಒಂದೊಂದನ್ನು ನೆಟ್ಟಗೆ ನಿಲ್ಲಿಸಿದರು. ಮಧ್ಯಾಹ್ನ ಬನಿಯನ್ನಿನಲ್ಲಿ ಏಣಿ ಹತ್ತಿ ಒಂದೊಂದನ್ನೇ ತಪಾಸಣೆ ಮಾಡಿ, ಕೆಳಗೆ ನಿಂತ ನನಗೆ ವರದಿ ಒಪ್ಪಿಸಿದರು.

"ಬಾಮೈದ, ನಂದು ತಲೆ ಬಗ್ಸಿದೆ. ಮೂರ್ನೇ ಮನೇದು ನಡ ಬಗ್ಸಿದೆ. ಎರಡ್ನೇ ಮನೇದು..."

"ಎರಡನೇದು ಏನಾಯ್ತು ಭಾವ?"

"ಸಾಷ್ಟಾಂಗ ಹಾಕ್ಬುಟ್ಟಿದೆ ಕಣೋ!"

ನಾನು ನಕ್ಕೆ. ಅವರು ನಗಲಿಲ್ಲ. ಏಕೆಂದರೆ ಎರಡನೆಯ ಮನೆಯಲ್ಲಿದ್ದವರು ಸಿರಾ ಕಡೆಯ ಒಬ್ಬ ದರ್ಜಿ ಮತ್ತು ಅವನ ಹೆಂಡತಿ. ಆ ಹುಡುಗಿಗೆ ಏಳು ತಿಂಗಳು ತುಂಬಿತ್ತು. ತವರಿನಲ್ಲಿ ತಾಯಿ ಇಲ್ಲ. ಹೆರಿಗೆ ಬೀಳುವುದು ಸರಿಯಾಗಿ ನಡುಬೇಸಿಗೆಗೆ. ಆಸ್ಪತ್ರೆಯ ನರ್ಸಮ್ಮ ಬಂದು ನೋಡಿ, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, "ಈ ಮನೇಲಿ ಹಸುಗೂಸು ಇಟ್ರೆ ಬೆಂದೋಗ್ತದೆ. ಬೇರೆ ಕಡೆ ನೋಡ್ಕೊಳ್ಳಿ" ಎಂದು ಹೇಳಿ ಹೋಗಿದ್ದಳು. ಬೇರೆ ಕಡೆ ಎಂದರೆ ಸಿರಾ, ದರ್ಜಿಯ ತಾಯಿಯ ಮನೆ. ಹೋದರೆ ದರ್ಜಿಗೆ ಇಲ್ಲಿ ಕುದುರಿಕೊಂಡಿದ್ದ ಶಾಲೆ ಮಕ್ಕಳ ಬಟ್ಟೆಯ ಕೆಲಸ ಕೈತಪ್ಪುತ್ತದೆ. ಹೋದವರು ತಿರುಗಿ ಬರುವುದು ಸುಳ್ಳು.

"ಹೋಗ್ಲಿ ಬಿಡಿ ಭಾವ. ಬೇರೆ ಬಾಡಿಗೆಯವರು ಸಿಕ್ತಾರೆ" ಎಂದೆ. ವ್ಯಾಪಾರದ ಬುದ್ಧಿ ನೋಡಿ!

ಭಾವ ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದರು. "ಎರಡು ತಿಂಗ್ಳೈತೆ. ಅಷ್ಟರಾಗೆ ಆ ಮೇಣದಬತ್ತೀನ ಎಬ್ಬಿಸಿ ನಿಲ್ಲಿಸ್ತೀನಿ" ಎಂದರು.

ಮೊದಲು ಕಡಲೆಕಾಯಿ ಸಿಪ್ಪೆ. ಮಿಲ್ಲಿನ ಹಿಂದೆ ಬೆಟ್ಟದಷ್ಟು ಬಿದ್ದಿತ್ತು, ಕೇಳುವವರಿಲ್ಲ. ಅಟ್ಟದ ಹಲಗೆಯ ಮೇಲೆ ಮೊಣಕಾಲುದ್ದ ಸುರಿಸಿದರು. ಸೆಕೆ ತಗ್ಗಿತು, ಸುಳ್ಳು ಹೇಳಬಾರದು. ಆದರೆ ಸಿಪ್ಪೆಯಲ್ಲಿ ಅಲ್ಲೊಂದು ಇಲ್ಲೊಂದು ಬೀಜ ಉಳಿದಿತ್ತಲ್ಲ, ಆ ಸುದ್ದಿ ಇಡೀ ಪಾವಗಡದ ಇಲಿಗಳಿಗೆ ಮುಟ್ಟಿತು! ಬಂಧುಬಳಗ ಸಮೇತ ಬಂದವು. ಹಲಗೆಯ ಸಂದಿನಿಂದ ಐದನೆಯ ಮನೆಯ ಸಾರಿನ ಪಾತ್ರೆಗೆ ಒಂದು ಇಲಿ ಬಿದ್ದ ದಿನ ಸಿಪ್ಪೆಯೆಲ್ಲ ಮಿಲ್ಲಿಗೆ ವಾಪಸ್ಸಾಯಿತು.

ಆಮೇಲೆ ತಗಡಿನ ಮೇಲೆ ಸೋರೆಬಳ್ಳಿ ಹಬ್ಬಿಸಿದರು. ನೆರಳಿಗೆ ನೆರಳು, ಪಲ್ಯಕ್ಕೆ ಪಲ್ಯ! ಬಳ್ಳಿಯೇನೋ ಹಬ್ಬಿತು. ಹಿತ್ತಲ ಗೋಡೆ ಹತ್ತಿ ಮೇಕೆಗಳೂ ಹಿಂದೆಯೇ ಬಂದವು. ಬರಿಯ ತಗಡಿನ ಮೇಲೆ ಏಳು ಮೇಕೆ ಓಡಾಡುವ ಸದ್ದು ಕೇಳಿದ್ದೀರಾ? ಆರನೆಯ ಮನೆಯ ಕಿವುಡಜ್ಜ ಎದ್ದು ಕೂತು, "ಮಳೆ ಬಂತೇನ್ಲಾ?" ಎಂದು ಕೇಳಿದನಂತೆ. ಆ ವರ್ಷ ಪಾವಗಡಕ್ಕೆ ಬಿದ್ದ ಒಳ್ಳೆಯ ಮಳೆ ಅದೊಂದೇ.

ಒಂದು ತಿಂಗಳು ಹೀಗೇ ಹೋಯಿತು. ದರ್ಜಿ ಸಿರಾಕ್ಕೆ ಕಾಗದ ಬರೆದ. ಅವನ ತಾಯಿ ಬಂದು ಸೊಸೆಯನ್ನು ಕರೆದುಕೊಂಡು ಹೋಗುವುದೆಂದಾಯಿತು.

ಇಂಥದರಲ್ಲಿ ಒಂದು ಮಧ್ಯಾಹ್ನ ನಾನೂ ಭಾವನೂ ನಾಗಲಮಡಿಕೆಯಿಂದ ಬಸ್ಸಿನಲ್ಲಿ ಬರುತ್ತಿದ್ದೆವು. ಹೊರಗೆ ಬೆಂಕಿಯಂಥ ಬಿಸಿಲು. ರಸ್ತೆಯ ಪಕ್ಕದಲ್ಲಿ ಒಬ್ಬ ಕುರಿ ಕಾಯುವವನು ತಲೆಯಿಂದ ಮಂಡಿಯ ತನಕ ಕರಿಕಂಬಳಿ ಕೊಪ್ಪೆ ಹಾಕಿಕೊಂಡು, ಅರಮನೆಯಲ್ಲಿ ನಿಂತವನಂತೆ ನಿಂತಿದ್ದ. ನೀವೂ ನಾವೂ ನೂರು ಸಲ ನೋಡಿದ ದೃಶ್ಯ. ಭಾವ ಎದ್ದು, "ಹೋಲ್ಡಾನ್! ಹೋಲ್ಡಾನ್!" ಎಂದು ಕೂಗಿ ಬಸ್ಸು ನಿಲ್ಲಿಸಿ ಇಳಿದೇಬಿಟ್ಟರು. ಬಿಟ್ಟು ಬಂದರೆ ಅಕ್ಕ ಬಿಡುತ್ತಾಳೆಯೇ? ನಾನೂ ಇಳಿದೆ.

"ಏನಣ್ಣಾ, ಇಂಥ ಬಿಸ್ಲಾಗೆ ಕಂಬ್ಳಿ ಹೊದ್ದಿದ್ದೀಯಲ್ಲ, ಸೆಕೆ ಆಗಲ್ವಾ?"

ಆತ ಇಂಥ ಪೆದ್ದನನ್ನು ಇದೇ ಮೊದಲು ಕಂಡವನಂತೆ ನೋಡಿದ. "ಬಿಸ್ಲು ಒಳೀಕೆ ಬಂದ್ರಲ್ವಾ ಸಾಮಿ ಸೆಕೆ ಆಗಾದು? ಕಂಬ್ಳಿ ಬುಟ್ರೆ ತಾನೆ ಬರಾದು?"

ಭಾವ ಆ ನಡುರಸ್ತೆಯಲ್ಲಿ ಅವನ ಎರಡೂ ಕೈ ಹಿಡಿದುಕೊಂಡರು. ಊರಿಗೆ ಏಳು ಮೈಲಿ ನಡೆದು ಬಂದೆವು. ದಾರಿಯುದ್ದಕ್ಕೂ ಅವರು ಸೂರ್ಯನನ್ನು ನೋಡಿ ಮೀಸೆಯಲ್ಲೇ ನಗುತ್ತಿದ್ದರು. ನಾನು ಚಪ್ಪಲಿಯನ್ನು ನೋಡಿಕೊಂಡು ಅಳುತ್ತಿದ್ದೆ.

ಮರುದಿನದಿಂದ ಉಣ್ಣೆಯ ಬೇಟೆ. ಇಲ್ಲಿ ನನ್ನ ವಿದ್ಯೆ ಕೆಲಸಕ್ಕೆ ಬಂತು. ಕುರಿಯ ಹೊಟ್ಟೆಯ ಕೆಳಗಿನ, ಕಾಲಿನ ಉಣ್ಣೆ ಮುಳ್ಳು ಹತ್ತಿ ಗಂಟುಗಂಟಾಗಿರುತ್ತದೆ, ಕಂಬಳಿ ನೇಯುವವರು ಮುಟ್ಟುವುದಿಲ್ಲ. ಅದನ್ನು ಕೇಳಿದೆ. ಬದಲಿಗೆ ನನ್ನ ಅಂಗಡಿಯಲ್ಲಿ ಗೆದ್ದಲಿಗೂ ಬೇಡವಾಗಿದ್ದ ನಾಲ್ಕು ಬಾಗಿಲು ಕೊಟ್ಟೆ, ಕುರಿದೊಡ್ಡಿಗೆ ಅಡ್ಡ ಇಡಲಿಕ್ಕೆ. ಕೊಟ್ಟವರಿಗೂ ಖುಷಿ, ತಗೊಂಡವರಿಗೂ ಖುಷಿ. ವ್ಯಾಪಾರ ಎಂದರೆ ಹಾಗಿರಬೇಕು, ಕಲಿತುಕೊಳ್ಳಿ.

ಉಣ್ಣೆಯನ್ನು ತೊಳೆದು, ಒಣಗಿಸಿ, ಹುಳ ಬೀಳದಂತೆ ಬೇವಿನ ಸೊಪ್ಪು ಬೆರೆಸಿ ಅಟ್ಟಕ್ಕೆ ಏರಿಸತೊಡಗಿದರು. ಎಷ್ಟು ತೊಳೆದರೇನು, ಕುರಿಯ ವಾಸನೆ ಹೋಗುತ್ತದೆಯೇ? ಒಳಗೆಲ್ಲೋ ಮಂದೆಯೇ ಇದೆಯೆಂದು ನಂಬಿ ಬೀದಿನಾಯಿಗಳು ವಠಾರದ ಸುತ್ತ ಕಾವಲು ಕೂತವು! ಊರವರು, "ಬೇಸ್ಗೇಗೆ ಮನೇಗ್ ಕಂಬ್ಳಿ ಹೊದಿಸ್ತಾನಂತೆ, ಚಳಿಗಾಲಕ್ಕೆ ಬೀಸಣಿಗೆ ಕಟ್ತಾನೇನೋ" ಎಂದು ಆಡಿಕೊಂಡರು.

ಆ ಹೊತ್ತಿಗೇ ಸಿರಾದಿಂದ ದರ್ಜಿಯ ತಾಯಿ ಬಂದಿಳಿದದ್ದು. ಬಸ್ಟಾಂಡಿನಲ್ಲೇ ಯಾರೋ ಸುದ್ದಿ ಮುಟ್ಟಿಸಿದ್ದರು. ಗಂಟನ್ನು ಕೆಳಗಿಡದೆ ಶುರುಮಾಡಿದರು.

"ಏನ್ ಸಾಬ್, ಬಾಣಂತಿ ಇರೋ ಮನೇನ ತಂಪು ಮಾಡ್ತೀರಂತೆ? ತೋಬಾ ತೋಬಾ! ತಂಪು ಹತ್ತಿದ್ರೆ ಸನ್ನಿ ಆಗ್ತದೆ ಗೊತ್ತಾ? ನಾಳೆ ಬಸ್ಸಿಗೆ ನನ್ ಸೊಸೆನ ಕರ್ಕೊಂಡೋಗ್ತೀನಿ!"

ಈಗ ಹೇಳಿ, ಏನು ಮಾಡುತ್ತೀರಿ? ಮನೆ ಬಿಸಿಯಾಗಿದ್ದರೆ ಹೋಗಬೇಕು ಎಂದು ನರ್ಸಮ್ಮ. ತಂಪಾದರೆ ಹೋಗಬೇಕು ಎಂದು ಅತ್ತೆ! ಬಾಗಿಲಲ್ಲಿ ನಿಂತ ಆ ಹುಡುಗಿ ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು ಭಾವನ ಮುಖವನ್ನೇ ನೋಡುತ್ತಿದ್ದಳು. ಒಳಗೆ ದರ್ಜಿಯ ಮಿಷನ್ನು ನಿಂತುಹೋಯಿತು.

ಭಾವ ನಿಧಾನವಾಗಿ ಏಣಿ ಇಳಿದು ಬಂದರು. ಮೈಯೆಲ್ಲ ಉಣ್ಣೆ, ಅವರೇ ಒಂದು ಟಗರಿನಂತೆ ಕಾಣುತ್ತಿದ್ದರು.

"ತಂಪು ಅಂತ ಯಾರಮ್ಮ ಹೇಳಿದ್ದು ನಿಮ್ಗೆ? ಇದೇನು ನೋಡಿ, ಮುಟ್ಟಿ ನೋಡಿ. ಉಣ್ಣೆ! ತಂಪಿಗೆ ಯಾರಾದ್ರೂ ಉಣ್ಣೆ ಹಾಕ್ತಾರಾ? ಬಾಣಂತಿ ಇರೋ ಮನೆ ಅಂತ ಮನೇಗೇ ಕಂಬಳಿ ಹೊದಿಸ್ತಾ ಇದೀನಿ ಕಣಮ್ಮ!"

ಮುದುಕಮ್ಮ ಒಂದು ಹಿಡಿ ಉಣ್ಣೆ ತೆಗೆದುಕೊಂಡರು. ಹಿಸುಕಿದರು, ಮೂಸಿದರು, ಕೆನ್ನೆಗೆ ಒತ್ತಿಕೊಂಡರು.

"ಹಾಂ... ಉಣ್ಣೆ ಅಂದ್ರೆ ಗರಮ್" ಎಂದು ಗಂಟನ್ನು ಕೆಳಗಿಟ್ಟರು. ಒಳಗೆ ಹೋಗಿ ಅಟ್ಟದ ಕಿಂಡಿಯತ್ತ ಕತ್ತೆತ್ತಿ ನೋಡಿ, "ಅರೆ, ಇಷ್ಟು ತೆಳ್ಳಗೆ ಹಾಸಿದ್ರೆ ಹೆಂಗೆ ಸಾಬ್? ಕಂಜೂಸಿ ಮಾಡ್ಬೇಡಿ! ಇನ್ನೂ ಹಾಕಿ, ಇನ್ನೂ!" ಎಂದರು.

ಹಾಗಾಗಿ ಎರಡನೆಯ ಮನೆಗೆ ಒಂದು ಗೇಣು ಬೀಳಬೇಕಾದ ಕಡೆ ಎರಡು ಗೇಣು ಉಣ್ಣೆ ಬಿತ್ತು. ಮರುವಾರ ನರ್ಸಮ್ಮ ಬಂದಳು. ಒಳಗೆ ಕೂತಳು, ಸೆರಗಿನ ಗಾಳಿ ನಿಲ್ಲಿಸಿದಳು, "ಪರವಾಗಿಲ್ವೇ, ತಣ್ಣಗೈತೆ" ಎಂದಳು, ಪುಣ್ಯಕ್ಕೆ ಮುದುಕಮ್ಮ ಆಗ ಹಿತ್ತಲಲ್ಲಿದ್ದರು. ಅಟ್ಟದ ಹಲಗೆಯ ಕೆಳಗೆ ಹೊಸ ಮೇಣದಬತ್ತಿ ಪೊಲೀಸಿನವನಂತೆ ಸೆಟೆದು ನಿಂತಿತ್ತು. ಒಂದೇ ಸರಕನ್ನು ಒಬ್ಬರಿಗೆ ಬಿಸಿಯೆಂದೂ ಇನ್ನೊಬ್ಬರಿಗೆ ತಂಪೆಂದೂ ಒಪ್ಪಿಸುವುದನ್ನು ಇಷ್ಟು ವರ್ಷದ ವ್ಯಾಪಾರದಲ್ಲಿ ನಾನು ಕಲಿತಿಲ್ಲ. ಅದೂ ಒಂದು ಸುಳ್ಳನ್ನೂ ಆಡದೆ!

ಸಿರಾ ಪ್ರಯಾಣ ರದ್ದಾಯಿತು. ಗಂಡುಮಗು ಹುಟ್ಟಿತು.

ಇಷ್ಟಕ್ಕೆ ಎಲ್ಲರೂ ಸುಖವಾಗಿದ್ದರು ಎಂದು ಬರೆದುಬಿಡಬಹುದಿತ್ತು. ಆದರೆ ಬಾಡಿಗೆದಾರರು ಸುಖವಾಗಿದ್ದದ್ದನ್ನು ನೀವು ಯಾವಾಗ ಕೇಳಿದ್ದೀರಿ? ಹದಿನೈದು ದಿನಕ್ಕೆ ಐದನೆಯ ಮನೆಯಾಕೆ ತಕರಾರು ತಂದಳು.

"ಏಮಿ ಕರ್ಮ ಸಾಮಿ ಇದು! ಉಣ್ಣೆ ಹಾಕ್ಸಿದ ಮ್ಯಾಲೆ ಪಕ್ಕದ ಮನೆ ಮಾತೇ ಕೇಳ್ಸಲ್ಲ. ನಾಕ್ನೇ ಮನೆ ಗಂಡ ಹೆಂಡ್ತಿ ರಾಜಿ ಆದ್ರೋ ಇಲ್ವೋ, ನಂಗೆ ಹೆಂಗೆ ಗೊತ್ತಾಗಬೇಕು?"

ನಿಜ. ಆ ಮನೆಗಳ ನಡುವಿನ ಗೋಡೆಗಳು ಅಟ್ಟದ ಮಟ್ಟಕ್ಕೇ ನಿಂತಿದ್ದವು. ಮೇಲೆ ತಗಡಿನ ಕೆಳಗೆ ಆರೂ ಮನೆಗೆ ಸೇರಿ ಒಂದೇ ಉದ್ದನೆಯ ಬಯಲು. ಈ ಮನೆಯ ಜಗಳ ಹಲಗೆಯ ಸಂದಿನಿಂದ ಮೇಲೆ ಹೋಗಿ, ಆ ಮನೆಯ ಊಟದ ತಟ್ಟೆಗೆ ಇಳಿಯುತ್ತಿತ್ತು. ಉಣ್ಣೆ ಬಿಸಿಲಿನ ಜೊತೆಗೆ ಅದನ್ನೂ ನುಂಗಿತ್ತು! "ಬಾಡಿಗೆ ಕಮ್ಮಿ ಮಾಡಿ, ಇಲ್ಲಾಂದ್ರೆ ಒಂದು ರೇಡಿಯೋ ಕೊಡ್ಸಿ" ಎಂದಳು ಆಕೆ. ನಾನು ಮಧ್ಯೆ ನಿಂತು, ಎರಡನ್ನೂ ಕೊಡದೆ, ಆಕೆಯನ್ನು ನಗಿಸಿ ಕಳಿಸಿದೆ.

ಅದಾಗಿ ಕೆಲವು ದಿನಕ್ಕೆ ಮತ್ತೆ ಪಾವಗಡಕ್ಕೆ ಹೋದೆ. ಮಧ್ಯಾಹ್ನ ಉಂಡು ಅಕ್ಕನ ಮನೆಯಲ್ಲೇ ಒರಗಿದೆ. ಬೆವರು ಧಾರಾಕಾರ! ಇದೇನು, ಬಾಡಿಗೆಯವರ ಮನೆಗಳು ತಂಪಾಗಿ, ಮಾಲೀಕನ ಮನೆ ಒಲೆಯಾಗುವುದು ಎಂದರೆ? ಕೆಲಸದಲ್ಲಿ ಎಲ್ಲೋ ತಪ್ಪಿದೆ, ತಿದ್ದಿಕೊಡಬೇಕು. ಎದ್ದು ಏಣಿ ಹಾಕಿ ಅಟ್ಟಕ್ಕೆ ಹತ್ತಿದೆ. ನೋಡುತ್ತೇನೆ, ಎರಡನೆಯ ಮನೆಯ ಕಡೆಯ ಗೋಡೆಯ ಪಕ್ಕದಲ್ಲಿ, ಸರಿಯಾಗಿ ಅಕ್ಕನ ಮಂಚದ ಮೇಲೆ, ಚಾಪೆಯಷ್ಟಗಲ ಉಣ್ಣೆಯೇ ಇಲ್ಲ. ಇಲಿ ಕಿತ್ತದ್ದಲ್ಲ. ಕೈಯಿಂದ ತೆಗೆದು, ಅಂಚು ಒತ್ತಿ, ನೀಟಾಗಿ ಬಿಟ್ಟ ಜಾಗ. ಗೋಡೆಯ ಆಚೆ ಬದಿಗೇ ದರ್ಜಿಯ ಮನೆಯಿಂದ ಅಟ್ಟ ಹತ್ತುವ ತೆರೆದ ಕಿಂಡಿ.

"ಭಾವ! ಇಲ್ಲಿ ಇಷ್ಟಗಲ ಬಿಟ್ಟುಬಿಟ್ಟಿದೀರಲ್ಲ, ಬಿಸಿಲೆಲ್ಲ ಇಲ್ಲೇ..." ಎಂದು ಬಾಯಿ ತೆರೆದೆ.

ಆಗ ಆಚೆ ಮನೆಯಲ್ಲಿ ಮಗು ಅತ್ತಿತು. ಕಿಂಡಿಯಿಂದ ಮೇಲೆ ಬಂದು, ನನ್ನ ಮೊಣಕಾಲನ್ನು ಸವರಿಕೊಂಡು, ಆ ಅಳು ಕೆಳಗೆ ಅಕ್ಕನ ಮಂಚಕ್ಕೆ ಇಳಿಯಿತು.

ಹಲಗೆಯ ಸಂದಿನಲ್ಲಿ ಬಗ್ಗಿ ನೋಡಿದೆ. ಅಕ್ಕ ಎದ್ದು ಕೂತಿದ್ದಳು. ಮುಖದಲ್ಲಿ ಬೆವರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಕತ್ತೆತ್ತಿ, ತನಗೆ ತಾನೇ ಹೇಳಿಕೊಳ್ಳುವವಳ ಹಾಗೆ, "ಎದ್ದ ನೋಡು. ಈಗ ಹಾಲು ಕುಡೀತಾನೆ, ಆಮೇಲೆ ಒಂಚೂರು ರಗಳೆ ಮಾಡ್ತಾನೆ, ಮಲಗ್ತಾನೆ" ಎಂದಳು.

ನಮ್ಮಕ್ಕನಿಗೆ ಮದುವೆಯಾಗಿ ಇಪ್ಪತ್ತೆರಡು ವರ್ಷ. ಮಕ್ಕಳಾಗಲಿಲ್ಲ. ಅದನ್ನು ನಮ್ಮ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ.

ಏಣಿಯ ಬುಡದಲ್ಲಿ ಭಾವ ಬಂದು ನಿಂತಿದ್ದರು. ಕಳ್ಳತನ ಮಾಡಿ ಸಿಕ್ಕಿಬಿದ್ದವರಂತೆ ಮೆಲ್ಲಗೆ ಕೇಳಿದರು, "ಏನೋ, ಮುಚ್ಚಬೇಕಂತೀಯಾ?"

ನಾನು ಆ ಉಣ್ಣೆಯ ಅಂಚನ್ನು ಕೈಯಿಂದ ಒತ್ತಿ ನೋಡಿದೆ.

"ಬೇಡ ಭಾವ" ಎಂದೆ. "ಈ ಕಡೆ ಇನ್ನೊಂದೆರಡು ಹಿಡಿ ತೆಗೀಬೋದು."